ಎಡಗಡೆಯ ಫುಟ್‌ರೆಸ್ಟ್

ಸಂಜೆ ಮನೆಗೆ ಬಿಡಲು ಯಶ್ವಂತ್ ಅಂಗಡಿ ಮುಂದೆ ಬೈಕ್ ತಂದು ನಿಲ್ಲಿಸಿದರೆ ವಿಜಯಶ್ರೀ ಮೊದಲು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಹಿಂದಿನ ಸೀಟಿನ ಎಡಗಡೆಯ ಫುಟ್‌ರೆಸ್ಟನ್ನು. ಮನೆ ಮುಂದೆ ಇಳಿದ ಮೇಲೆ ಅದನ್ನು ಕಾಲಿನಿಂದ ತಳ್ಳಿ ಮಡಚುವುದು ಅವಳ ರೂಢಿ. ಮರುದಿನವೂ ಮಡಚಿದಂತೆಯೇ ಇದ್ದರೆ ಹಿಂದೆ ಇನ್ಯಾವ ಹೆಂಗಸೂ ಕೂತಿಲ್ಲ. ಈ ಪತ್ತೇದಾರಿಕೆ ಅವನಿಗೆ ಗೊತ್ತಿಲ್ಲ ಎಂದು ನಂಬಿಕೊಂಡಿದ್ದಳು, ಪಾಪ.

ವಿಜಯನಗರದ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ, ಗೋವಿಂದರಾಜನಗರದ ಟೈಲ್ಸ್ ಅಂಗಡಿಯಲ್ಲಿ ಅವನಿಗೆ. ಶ್ರಾವಣದಲ್ಲಿ ನಿಶ್ಚಿತಾರ್ಥ ಎಂದು ಎರಡೂ ಮನೆಯವರು ಒಪ್ಪಿದ್ದರು. ಒಪ್ಪಿದ ಮೇಲೆ ನೆಮ್ಮದಿ ಬರಬೇಕಿತ್ತು, ಬಂದದ್ದು ಅನುಮಾನ. ಅವನ ಮೊಬೈಲ್ ಎಂಗೇಜ್ ಬಂದರೂ ಯಾರ ಜೊತೆ ಮಾತು ಎಂದು ಲೆಕ್ಕ ಹಾಕುತ್ತಿದ್ದಳು.

ಒಂದು ಸಂಜೆ ಫುಟ್‌ರೆಸ್ಟ್ ಕೆಳಗಿತ್ತು. ಯಾರು ಕೂತಿದ್ದರು ಎಂದು ಕೇಳಿದಳು. ನಮ್ಮ ಪಕ್ಕದ ಮನೆಯ ವಿಮಲಮ್ಮ, ಮಂಡಿನೋವು, ಆಸ್ಪತ್ರೆಗೆ ಬಿಟ್ಟುಬಂದೆ ಎಂದ. ತಡವರಿಸದೆ ಹೇಳಿದ್ದೇ ಅವಳ ಅನುಮಾನಕ್ಕೆ ಸಾಕಾಯಿತು. ಭಾನುವಾರ ಏನೋ ನೆಪ ಹೇಳಿ ಅವನ ಮನೆಯಿದ್ದ ಶ್ರೀಗಂಧದ ಕಾವಲಿಗೆ ಹೋಗಿ, ವಿಮಲಮ್ಮ ಕೊಟ್ಟ ಕಾಫಿ ಕುಡಿದು, ಸುತ್ತಿ ಬಳಸಿ ವಿಚಾರಿಸಿದಳು. ಅವನ ಮಾತು ನಿಜವಾಗಿತ್ತು. ನಾಚಿಕೆಯಾಗಬೇಕಿತ್ತಲ್ಲ? ಆಗಲಿಲ್ಲ. ಮುಂದಿನ ಸಲ ಸಿಕ್ಕಿಬೀಳುತ್ತಾನೆ ಎಂದುಕೊಂಡಳು.

ಆಮೇಲೆ ಫುಟ್‌ರೆಸ್ಟ್ ದಿನವೂ ಮಡಚಿಯೇ ಇತ್ತು. ಅವನೇ ಮಡಚಿಟ್ಟು ಬರುತ್ತಿರಬಹುದೇ ಎಂಬ ಹೊಸ ಹುಳ ತಲೆ ಹೊಕ್ಕಿತು.

ಆಷಾಢದಲ್ಲಿ ವಿಮಲಮ್ಮ ಸೀರೆ ಕೊಳ್ಳಲು ಅಂಗಡಿಗೆ ಬಂದರು. ಕಾಲಿಗೆ ಪಟ್ಟಿ. ಆಸ್ಪತ್ರೆಗೆ ನಡೆದು ಹೋಗುವಾಗ ಮೋರಿ ಹತ್ತಿರ ಬಿದ್ದರಂತೆ.

“ಯಶ್ವಂತ ಬೈಕಲ್ಲಿ ನನ್ ಮುಂದೇನೇ ಹೋದ ಕಣಮ್ಮ. ಕೂಗ್ದೆ. ತಿರುಗಿ ನೋಡ್ದ, ನೋಡಿ ಹೊರಟೋದ. ನಾನೇನ್ ತಪ್ಪು ಮಾಡ್ದೆ ಅವನಿಗೆ?”

ಸಂಜೆ ವಿಜಯಶ್ರೀ ಅದನ್ನೇ ಅವನನ್ನು ಕೇಳಿದಳು. ಅವನು ಬೈಕ್ ಆಫ್ ಮಾಡಿ ಅವಳ ಕಡೆ ತಿರುಗಿದ.

“ನೀನು ಅವರ ಮನೆಗೆ ಹೋಗಿ ವಿಚಾರಿಸಿದ್ದು ಗೊತ್ತು ವಿಜಿ. ಕೂರಿಸ್ಕೊಂಡ್ರೆ ಸಂಜೆ ನಿಂಗೆ ಉತ್ತರ ಕೊಡ್ಬೇಕಲ್ಲ ಅಂತ ಭಯ ಆಯ್ತು. ಚಿಕ್ಕೋನಿದ್ದಾಗ ನಂಗೆ ಅನ್ನ ಹಾಕಿದ ಕೈ ಅದು. ಈ ಶ್ರಾವಣ ಬೇಡ. ನಾನು ಯೋಚ್ನೆ ಮಾಡ್ಬೇಕು.”

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೇ ಹೇಸಿಗೆಯಾಯಿತು. ಇನ್ಯಾರೋ ಕಿತ್ತುಕೊಳ್ಳುತ್ತಾರೆಂದು ತಾನು ಕಾವಲು ಕಾದಿದ್ದವನನ್ನು ತಾನೇ ಓಡಿಸುತ್ತಿದ್ದಳು.

“ನಂಗೆ ನಾಳೆನೂ ಅನುಮಾನ ಬರುತ್ತೆ ಯಶು, ಸುಳ್ಳು ಹೇಳಲ್ಲ. ಬಂದ್ರೆ ನಾನೇ ನುಂಗ್ಕೋತೀನಿ, ನಿನ್ನ ಕೇಳಲ್ಲ. ಅವರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗು.”

ಅವನು ಬೈಕ್ ಸ್ಟಾರ್ಟ್ ಮಾಡಿದ.

ಮರುದಿನ ಸಂಜೆ ತಡವಾಗಿ ಬಂದ. ಫುಟ್‌ರೆಸ್ಟ್ ಕೆಳಗಿತ್ತು. ವಿಮಲಮ್ಮನೇ ಇರಬೇಕು ಎಂದುಕೊಂಡಳು. ಇರಬೇಕೇ, ಅಥವಾ? ಪ್ರಶ್ನೆಯನ್ನು ನುಂಗಿಕೊಂಡು ಹತ್ತಿ ಕೂತಳು. ದಾರಿಯುದ್ದಕ್ಕೂ ಕಷ್ಟವಾಯಿತು.

ಮನೆ ಮುಂದೆ ಇಳಿದಾಗ ಕಾಲು ತಾನಾಗಿಯೇ ಫುಟ್‌ರೆಸ್ಟಿನ ಕಡೆ ಹೋಯಿತು. ಅವನು ಕನ್ನಡಿಯಲ್ಲಿ ನೋಡುತ್ತಿದ್ದ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

ಶ್ರಾವಣದ ಮಾತು ಅವನು ಎತ್ತಲಿಲ್ಲ. ನಾಳೆ ಬರ್ತೀನಿ ಎಂದಷ್ಟೇ ಹೇಳಿ, ಫುಟ್‌ರೆಸ್ಟ್ ಮಡಚದೆ ಹಾಗೇ ಬಿಟ್ಟು ಹೊರಟ.