ನಿಂತ ಬಸ್ಸಿನ ಧ್ಯಾನ

ಬ್ಯಾನರಿನ ಹಗ್ಗದ ಗಂಟು ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ಬೇಕರಿಯಲ್ಲಿ ದಿನವೂ ಬ್ರೆಡ್ಡಿನ ಪೊಟ್ಟಣ ಕಟ್ಟುವ ಅವಳ ಕೈಗೆ ಗಂಟುಗಳೇನೂ ಹೊಸದಲ್ಲ. ಉಗುರು ಹಾಕಿ ಎಳೆದಳು, ಬರಲಿಲ್ಲ, ಹಲ್ಲು ಹಾಕಿದಳು. ಬಸ್ಸಿನ ಮೂತಿಗೆ ಮುಖವೊತ್ತಿ ಹಗ್ಗ ಕಚ್ಚುತ್ತಿದ್ದವಳನ್ನು ಕಂಡು ಡಿಪೋದವರೆಲ್ಲ ದಂಗಾಗಿ ನಿಂತರು. ಗಂಡ ಸತ್ತ ದುಃಖ ತಲೆಗೇರಿದೆ ಎಂದುಕೊಂಡರೋ ಏನೋ, ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ಬಂದವಳು ಕಂಡಕ್ಟರಮ್ಮ. ಸತ್ತ ಗಂಡ ಓಡಿಸುತ್ತಿದ್ದ ಇದೇ ಬಸ್ಸಿನಲ್ಲಿ ಇಷ್ಟು ವರ್ಷ ಟಿಕೆಟ್ ಹರಿದವಳು.

"ಅಕ್ಕಾ, ಏನ್ ಮಾಡ್ತಿದ್ದೀರ? ಅದು ನಾವೆಲ್ಲ ಸೇರಿ ಬರೆಸಿದ್ದು."

"ಬಿಚ್ಚಿಸು ಇದನ್ನ."

"ಯಾಕೆ? ತಪ್ಪೇನಿದೆ ಇದ್ರಲ್ಲಿ?"

ಬ್ಯಾನರಿನ ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ಧ್ಯಾನಗುರುವಿಗೆ ಕೊನೆಯ ನಮನ' ಎಂದಿತ್ತು. ಪಕ್ಕದಲ್ಲಿ ಅವನ ಚಿತ್ರ: ಕಣ್ಣು ಮುಚ್ಚಿದ, ಈ ಲೋಕಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂಥ ಮುಖ. ಡಿಪೋದ ಬೋರ್ಡು ಬರೆಯುವವನು ಗುರುತಿನ ಚೀಟಿಯ ಫೋಟೋ ನೋಡಿ ಬರೆದು, ಕಣ್ಣನ್ನು ಮಾತ್ರ ತಾನೇ ಮುಚ್ಚಿಸಿದ್ದ. ಜೊತೆಯಲ್ಲಿ ಬಾಳಿದ ಹೆಂಡತಿಗೆ ಆ ಮುಖದ ಗುರುತೇ ಹತ್ತಲಿಲ್ಲ.

ಮುಂದೆ ನಿಂತಿದ್ದ ವ್ಯಾನಿನಲ್ಲಿ ಅವನು ಮಲಗಿದ್ದ. ನಿನ್ನೆ ಬೆಳಗ್ಗೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ, ಅಷ್ಟೇ. ಮೈದುನ ವ್ಯಾನಿನ ಬಾಗಿಲಿಂದ ಇಣುಕಿ, "ಅತ್ತಿಗೆ, ಹೊತ್ತಾಗ್ತಿದೆ. ಸ್ಮಶಾನದಲ್ಲಿ ಕಾಯ್ತಿದ್ದಾರೆ" ಎಂದ. ಅವಳು ತಾಳು ಎಂದು ಕೈಯಾಡಿಸಿದಳು. ಎದ್ದಾಗಿನಿಂದ ಅವಳು ಒಂದು ಕಡೆ ನಿಂತಿರಲಿಲ್ಲ. ಒಲೆ ಒರೆಸಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸಿದ್ದಳು, ಬಂದವರ ಚಪ್ಪಲಿ ಜೋಡಿಸಿಟ್ಟಿದ್ದಳು. ಅಳು ಮಾತ್ರ ಬಂದಿರಲಿಲ್ಲ. ಇವರೆಲ್ಲ ಸೇರಿ ಬೇರೆ ಯಾರನ್ನೋ ಮಣ್ಣು ಮಾಡಲು ಹೊರಟಿದ್ದಾರೆ, ತನ್ನ ಗಂಡ ಈ ಗದ್ದಲದಲ್ಲಿ ಎಲ್ಲೋ ಕಳೆದುಹೋಗಿದ್ದಾನೆ ಎಂಬ ಸಂಕಟ ಒಂದೇ ಸಮನೆ ಕೊರೆಯುತ್ತಿತ್ತು.

"ಹೊರಡೋಕೆ ಮುಂಚೆ ಬಸ್ಸಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಧ್ಯಾನಕ್ಕೆ ಕೂತ್ಕೋತೀವಿ," ಎಂದಳು ಕಂಡಕ್ಟರಮ್ಮ. "ಅವರ ಸೀಟಲ್ಲಿ ನೀವು ಕೂತ್ಕೋಬೇಕು. ಇಲ್ಲ ಅನ್ಬೇಡಿ."

*

ಮುಷ್ಕರ ಮುಗಿದ ಮೇಲೆ ಡಿಪೋ ಎರಡು ಹೋಳಾಗಿತ್ತು. ಕೆಲಸ ಬಿಟ್ಟು ಬೀದಿಗೆ ಬಂದವರು ಒಂದು ಕಡೆ, ಮುಷ್ಕರ ಮುರಿದು ಕದ್ದು ಬಸ್ಸು ಓಡಿಸಿದವರು ಇನ್ನೊಂದು ಕಡೆ. ಒಬ್ಬರು ಕೈ ತೊಳೆದ ನಲ್ಲಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಆಗ ಕಂಡಕ್ಟರಮ್ಮ ಎಲ್ಲಿಂದಲೋ ಕಲಿತು ಬಂದು ಒಂದು ಉಪಾಯ ಹೂಡಿದಳು. ಮೊದಲ ಬಸ್ಸು ಹೊರಡುವ ಮುಂಚೆ, ನಿಂತ ಬಸ್ಸಿನಲ್ಲಿ, ಬಂದವರೆಲ್ಲ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು. ಬಾಯಿ ಬಿಟ್ಟರೆ ತಾನೆ ಜಗಳ? ಮೊದಮೊದಲು ಮೂಗು ಮುರಿದವರೂ ಬರಬರುತ್ತ ಬಂದು ಕೂತರು.

ಅವನು ಎರಡೂ ಕಡೆಯವರಿಗೆ ಬೇಕಾದವನು, ಆದ್ದರಿಂದ ಅವನ ಬಸ್ಸೇ ಆಯಿತು. ಅವನ ಬಸ್ಸು ಎಂದ ಮೇಲೆ ಅವನು ಡ್ರೈವರ್ ಸೀಟಿನಲ್ಲೇ. ಹಿಂದಿನವರಿಗೆ ಕಾಣುತ್ತಿದ್ದದ್ದು ಅಲ್ಲಾಡದ ಬೆನ್ನೊಂದೇ. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗುವ ಈ ಮನುಷ್ಯ ಅಲ್ಲಿ ಮಾತ್ರ ಕಲ್ಲಿನ ಹಾಗೆ ಕೂರುತ್ತಾನಲ್ಲ ಎಂದು ಜನ ಬೆರಗಾದರು. ಬೆರಗಾದ ಮೇಲೆ ಕೇಳಬೇಕೇ, ಗುರು ಎಂದು ಅಟ್ಟಕ್ಕೇರಿಸಿದರು.

ಗುರುವಿನ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಊಟಕ್ಕೆ ಕೂತಾಗ ತಾನಾಗಿಯೇ ಹೊರಬರುತ್ತಿತ್ತು.

"ಇವತ್ತೂ ಆ ಮೆಕ್ಯಾನಿಕ್ ಅತ್ತ ಕಣೆ. ಹಿಂದಿನ ಸೀಟಲ್ಲಿ, ಸದ್ದಿಲ್ದೆ."

"ನೀವು ಕಣ್ಣು ಮುಚ್ಚಿರ್ಲಿಲ್ವಾ?"

"ಡ್ರೈವರ್ ಸೀಟಲ್ಲಿ ಕಣ್ಣು ಮುಚ್ಚೋಕಾಗತ್ತಾ? ಬಸ್ಸು ನಿಂತಿದ್ರೂ ಎದೆ ಢವಢವ ಅನ್ನತ್ತೆ. ತಲೆ ಮೇಲೆ ಕನ್ನಡಿ ಇದೆಯಲ್ಲ, ಸುಮ್ನೆ ನೋಡ್ತಿರ್ತೀನಿ. ಕಣ್ಣು ಮುಚ್ಚಿದಾಗ ಜನ ಎಷ್ಟು ಪಾಪ ಅನ್ನಿಸ್ತಾರೆ ಗೊತ್ತಾ? ಕದ್ದು ಬಸ್ ಓಡಿಸಿದ ಆ ಗಡವನೂ ಮಗು ಥರ ಕಾಣ್ತಾನೆ."

"ಚೆನ್ನಾಗಿದೆ ನಿಮ್ಮ ಧ್ಯಾನ! ಊರೋರ ಮುಖ ಎಲ್ಲ ನೋಡ್ಕೊಂಡ್ ಬರ್ತೀರ. ನನ್ನ ಮುಖ ಒಂದಿನ ನೋಡಿದ್ದೀರಾ?"

ಅವನು ನಕ್ಕು, ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದ. ತಮಾಷೆ ಎಂದುಕೊಂಡಿರಬೇಕು. ಅವಳು ತಮಾಷೆಗೆ ಕೇಳಿರಲಿಲ್ಲ. ಇನ್ನು ಕೇಳುವ ಹಾಗೂ ಇಲ್ಲ.

*

ಅವಳು ಬಸ್ಸು ಹತ್ತಿದಾಗ ಎಲ್ಲರೂ ಆಗಲೇ ಕೂತಿದ್ದರು. ಡ್ರೈವರ್ ಸೀಟು ಅವನ ಭಾರಕ್ಕೆ ಒಂದು ಮಗ್ಗುಲು ತಗ್ಗಾಗಿತ್ತು. ಅವಳು ಕೂರದೆ ಹಿಂದಕ್ಕೆ ತಿರುಗಿ ನಿಂತಳು.

"ಒಂದು ಮಾತು. ಅವರು ಇಲ್ಲಿ ಒಂದಿನಾನೂ ಕಣ್ಣು ಮುಚ್ಚಿದವರಲ್ಲ."

"ಏನಂದ್ರಿ?" ಎಂದಳು ಕಂಡಕ್ಟರಮ್ಮ.

"ಧ್ಯಾನ ಮಾಡೋಕೆ ಅವರಿಗೆ ಬರ್ತಾನೇ ಇರ್ಲಿಲ್ಲ. ಈ ಕನ್ನಡೀಲಿ ನಿಮ್ಮನ್ನೆಲ್ಲ ನೋಡ್ತಾ ಕೂತಿರ್ತಿದ್ರು. ಗುರು ಗಿರು ಏನಲ್ಲ. ಆ ಸುಳ್ಳು ಕಟ್ಟಿ ಕಳಿಸ್ಬೇಡಿ ಅವರನ್ನ. ನನ್ನ ಗಂಡನ್ನ ನನ್ನ ಗಂಡನ ಹಾಗೇ ಕಳಿಸಿ."

ಗುಸುಗುಸು ಎದ್ದಿತು. ಯಾರೋ ನಕ್ಕರು, ಯಾರೋ ಛೆ ಎಂದರು. ಹಿಂದಿನ ಸೀಟಿನಿಂದ ಮೆಕ್ಯಾನಿಕ್ ಎದ್ದು ನಿಂತ.

"ನಾನು ಅತ್ತಿದ್ದೂ ನೋಡಿದ್ರಾ?"

"ನೋಡಿದ್ರು."

"ಮನೇಲಿ ಬಂದು ಹೇಳಿದ್ರಾ?"

"ಹೇಳಿದ್ರು."

"ಥೂ! ಆಸ್ಪತ್ರೇಲಿ ಅಮ್ಮನ ಮುಂದೆ ಅಳೋ ಹಾಗಿರ್ಲಿಲ್ಲ, ಮನೇಲಿ ಮಕ್ಕಳ ಮುಂದೆ ಅಳೋ ಹಾಗಿರ್ಲಿಲ್ಲ. ನನಗಿದ್ದಿದ್ದು ಇದೊಂದೇ ಜಾಗ. ಇಲ್ಲೂ ಇಣುಕಿದ್ರಾ ಆ ಮನುಷ್ಯ?"

ಗಂಡನನ್ನು ಉಳಿಸಿಕೊಳ್ಳಲು ಹೋಗಿ ಅವನ ಮಾನ ತಾನೇ ಹರಾಜಿಗಿಟ್ಟೆನಲ್ಲ ಎಂದು ಅವಳಿಗನಿಸಿತು. ಮೆಕ್ಯಾನಿಕ್ ಬಾಗಿಲ ಕಡೆಗೆ ದುಡುದುಡು ಬಂದ. ಮೆಟ್ಟಿಲಿಗೆ ಕಾಲಿಟ್ಟವನು ಅಲ್ಲೇ ನಿಂತ.

"ಅಮ್ಮ ಆಸ್ಪತ್ರೇಲಿದ್ದಾಗ ಮಧ್ಯಾಹ್ನ ಅವರೇ ಬಂದು ಊಟ ಮಾಡಿಸೋರು," ಎಂದ, ಯಾರಿಗೂ ಅಲ್ಲದ ಹಾಗೆ. "ಪಕ್ಕದ ವಾರ್ಡಲ್ಲಿ ನಮ್ಮೋರೊಬ್ರು ಇದ್ದಾರೆ, ಹೇಗೂ ಬರ್ತೀನಲ್ಲ ಅಂದಿದ್ರು. ಅವರಿಗೆ ಗುಣ ಆಯ್ತಾ ಅಂತ ನಾನು ಒಂದು ಮಾತೂ ಕೇಳ್ಲಿಲ್ಲ."

"ನಮ್ಮೋರು ಯಾರೂ ಆಸ್ಪತ್ರೇಲಿ ಇರ್ಲಿಲ್ಲ," ಎಂದಳು ಅವಳು. ಈ ಸಂಗತಿ ಅವಳಿಗೂ ಹೊಸದು.

ಮೆಕ್ಯಾನಿಕ್ ಇಳಿಯಲೂ ಇಲ್ಲ, ಹತ್ತಲೂ ಇಲ್ಲ.

"ಓಹೋ," ಎಂದಳು ಕಂಡಕ್ಟರಮ್ಮ ಕನ್ನಡಿಯನ್ನೇ ನೋಡುತ್ತ. "ನಾನು ಬಸುರಿ ಅಂತ ಇನ್ನೂ ಯಾರಿಗೂ ಹೇಳಿರ್ಲಿಲ್ಲ. ಒಂದಿನ ಇದ್ದಕ್ಕಿದ್ದ ಹಾಗೆ ಗುಂಡಿ ಬಂದ ಕಡೆಯೆಲ್ಲ ಬಸ್ಸು ಆಮೆ ಥರ ಹೋಗೋಕೆ ಶುರುವಾಯ್ತು. ಇಂಜಿನ್ನಿಗೆ ಏನೋ ಆಗಿದೆ ಅಂತ ಬೈದಿದ್ದೆ ಅವರನ್ನ."

ಕಂಡಕ್ಟರಮ್ಮ ಕಣ್ಣೊರೆಸಿಕೊಂಡು ಕಿಟಕಿಯಿಂದ ಹೊರಗೆ ತಲೆ ಹಾಕಿದಳು. "ಯಾರ್ರೀ ಅಲ್ಲಿ? ಬ್ಯಾನರಿನ ಹಗ್ಗ ಕೊಯ್ದುಬಿಡಿ."

ಬ್ಯಾನರು ಕುಸಿದು ಬಿದ್ದಿತು. ಮುಂದಿನ ಗಾಜಿನಲ್ಲಿ ವ್ಯಾನು ಇಡಿಯಾಗಿ ಕಂಡಿತು. ಅವಳು ಗಂಡನ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದಳು. ಹಿಂದೆ ಎಲ್ಲರೂ ಸುಮ್ಮನಾದರು. ಆದರೆ ಇವತ್ತು ಯಾರೂ ಕಣ್ಣು ಮುಚ್ಚಲಿಲ್ಲ. ಮುಷ್ಕರ ಕಟ್ಟಿದವನೊಬ್ಬ, ಪಕ್ಕದಲ್ಲೇ ಕೂತಿದ್ದ ಕದ್ದು ಬಸ್ಸು ಓಡಿಸಿದವನ ಕಡೆಗೆ ತಿರುಗಿ, ಇವನಿಗೆ ಇಷ್ಟೊಂದು ವಯಸ್ಸಾದದ್ದು ಯಾವಾಗ ಎಂಬಂತೆ ನೋಡುತ್ತಿದ್ದ. ಅವನೂ ನೋಡಿದ. ಒಬ್ಬರ ಮುಖ ಒಬ್ಬರು ನೋಡಲು ಅವರಿಗೆಲ್ಲ ಒಂಥರಾ ನಾಚಿಕೆಯಾಗುತ್ತಿತ್ತು, ಆದರೂ ನೋಡಿದರು.

ಮೆಟ್ಟಿಲ ಮೇಲಿದ್ದ ಮೆಕ್ಯಾನಿಕ್‌ಗೆ ನೇರವಾಗಿ ಕಾಣುತ್ತಿದ್ದದ್ದು ಅವಳ ಮುಖ. ಬಹಳ ಹೊತ್ತು ನೋಡಿದ.

"ಅಕ್ಕಾ, ಉಸಿರು ಹಿಡ್ಕೊಂಡಿದ್ದೀರ."

"ಏನು?"

"ಆಗ್ಲಿಂದ ಹಿಡ್ಕೊಂಡಿದ್ದೀರ. ಬಿಡಿ."

ಅವಳು ಬಿಟ್ಟಳು. ಅದರ ಹಿಂದೆಯೇ ಬೇರೆಲ್ಲ ಒತ್ತರಿಸಿಕೊಂಡು ಬಂದು, ಹಣೆ ಸ್ಟೀರಿಂಗಿನ ಮೇಲೆ ಕುಸಿಯಿತು. ಹಾರ್ನು ಡಿಪೋ ತುಂಬ ಕೂಗತೊಡಗಿತು. ಯಾರೂ ಅವಳನ್ನು ಎಬ್ಬಿಸಲಿಲ್ಲ. ಮುಂದಿದ್ದ ವ್ಯಾನಿನ ಡ್ರೈವರು, ಹೊರಡು ಎಂದು ಹೇಳಿದರೆಂದುಕೊಂಡು, ಕಿಟಕಿಯಿಂದ ಕೈ ತೋರಿಸಿ ನಿಧಾನವಾಗಿ ಗಾಡಿ ಬಿಟ್ಟ.