ಹಂಚಿಗಲ್ಲ, ಹಂಚು ಹೊದಿಸುವವನಿಗೆ

"ವಿಮಾ ಐತೇನ್ರಿ ನಿಮ್ಮದು?" ಎಂದಳು ಬಸವಣ್ಣೆವ್ವ, ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು.

ಹಂಚು ಹೊದಿಸುವ ಗುರುಸಿದ್ದ ಆಗಲೇ ಒಂದು ಕಾಲು ಏಣಿಯ ಮೇಲಿಟ್ಟಿದ್ದ. ಖಾನಾಪುರದ ಆಚೆಯ ಗುಂಜಿಯಿಂದ ಬೆಳಗಿನ ರೈಲು ಹಿಡಿದು ವಡಗಾವಿಯ ಈ ನೇಕಾರರ ಓಣಿಗೆ ಬಂದಿದ್ದವನು. "ಏನಂದ್ರಿ ಅಕ್ಕಾರ?"

"ವಿಮಾರೀ. ನಾಳೆ ನೀವು ಮ್ಯಾಲಿಂದ ಬಿದ್ದು ಗಿದ್ದು..."

ಅಷ್ಟೇ, ಮುಗಿಯಿತು. ಗುರುಸಿದ್ದ ಕಾಲು ಕೆಳಗಿಟ್ಟು ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. "ಏರೂ ಹೊತ್ತಿನ್ಯಾಗ ಇಂಥಾ ಮಾತ ತಗದ್ರಿ. ಇನ್ನ ನನ್ನ ಕೈಲೆ ಆಗೂದಿಲ್ರಿ," ಎಂದವನೇ ಹೊರಟುಹೋದ.

ಗಂಡ ಬಾಳಪ್ಪ ಮಗ್ಗ ಬಿಟ್ಟು ಓಡಿ ಬಂದ. "ನಿನ್ನ ತಲಿ ನೆಟ್ಟಗೈತೇನ? ಇವತ್ತಲ್ಲ ನಾಳೆ ಮಳಿ ಬರತೈತಿ, ಮಗ್ಗದ ಮ್ಯಾಲ ರೇಷ್ಮಿ ಐತಿ! ಮನಿಗೆ ವಿಮಾ ಇಳಿಸೇವಿ, ಮತ್ಯಾತರ ವಿಮಾ ನಿಂದು?"

"ಅದು ಗ್ವಾಡಿಗೆ, ಹಂಚಿಗೆ. ಹಂಚ ಹೊದಸಾವಗ ಅಲ್ಲ."

ಹೋದ ವರ್ಷ ಆಚೆ ಓಣಿಯಲ್ಲಿ ಒಬ್ಬ ಕೆಲಸಗಾರ ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮನೆಯ ವಿಮೆ ಮನೆಗೆ ಮಾತ್ರ ಎಂದು ಅವನಿಗೆ ದಮ್ಮಡಿಯೂ ಸಿಗಲಿಲ್ಲ. ಅವನ ಹೆಂಡತಿ ಭಾಂಡೆ ತಿಕ್ಕುವ ಕೆಲಸ ಕೇಳಿಕೊಂಡು ಮನೆಮನೆ ತಿರುಗಿದಳು. ಓಣಿಯ ಮಂದಿ ಅಯ್ಯೋ ಪಾಪ ಅಂದು ಬಾಗಿಲು ಹಾಕಿಕೊಂಡರು. ಬಸವಣ್ಣೆವ್ವ ಮಾತ್ರ ಸೀದಾ ವಿಮಾ ಕಚೇರಿಗೆ ಹೋಗಿ ಕೇಳಿದಳು. ಕೆಲಸಕ್ಕೆ ಕರೆಯುವ ಮನೆಯವರೇ ಕೆಲಸಗಾರನಿಗೆ ವಿಮೆ ಮಾಡಿಸಬಹುದು ಎಂದು ತಿಳಿದುಕೊಂಡೇ ಎದ್ದು ಬಂದಳು. ಎಂಥಾ ಗಟ್ಟಿಗಿತ್ತಿ!

ಬೇರೆ ಯಾರನ್ನಾದರೂ ಏರಿಸೋಣವೆಂದ ಬಾಳಪ್ಪ. ಅವನಿಗೂ ಇದೇ ಮಾತು ಎಂದಳು ಇವಳು. ಮರುದಿನ ಮೋಡ ಕವಿದಿದ್ದರೂ ಗುಂಜಿಯ ರೈಲು ಹತ್ತಿದಳು.

ಗುರುಸಿದ್ದ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದ. ಅವನ ಹೆಂಡತಿ ಮಾಯಕ್ಕ ಬಸವಣ್ಣೆವ್ವನನ್ನು ಒಳಗೆ ಕರೆದು ನೀರು ಕೊಟ್ಟಳು.

"ನಮ್ಮ ಮನ್ಯಾಗ ಆ ಶಬ್ದ ಆಡೂದಿಲ್ರಿ ಅಕ್ಕಾರ. ಗಿಡದಾಗಿನ ಮಾವಿನಹಣ್ಣ ಉದುರಿದ್ರ ಸುದ್ದಾ ಇಳೀತು ಅಂತೀವಿ." ಆಮೇಲೆ ದನಿ ತಗ್ಗಿಸಿದಳು. "ಖರೇ ಹೇಳ್ತೇನ್ರಿ, ಅವರು ಏರಿದ ದಿನ ನನ್ನ ಜೀವದಾಗ ಜೀವ ಇರೂದಿಲ್ಲ. ಯಾರ ಮುಂದ ಹೇಳ್ಲಿ? ಹೇಳಾಕ ಬೇಕಾದ ಶಬ್ದನ ಆಡೂಹಂಗಿಲ್ಲ."

ಬಸವಣ್ಣೆವ್ವ ನೀರಿನ ಲೋಟ ಕೆಳಗಿಟ್ಟು ಎದ್ದಳು. ಹೊರಗೆ ಬಂದು ಗುರುಸಿದ್ದನ ಎದುರಿಗೇ ಕೂತಳು.

"ತಪ್ಪಾತ್ರಿ ಅಣ್ಣಾ. ಆದ್ರ ನಿಮ್ಮ ಮ್ಯಾಲ ವಿಮಾ ಇಳಸದ ನಾ ಏರಸಾಕಿ ಅಲ್ಲ. ನನ್ನ ಮನಿ ಕೆಲಸ, ಖರ್ಚೂ ನಂದ. ಇಲ್ಲಾಂದ್ರ ಸೋರಲಿ ನನ್ನ ಮನಿ, ಹಾಳಾಗಲಿ ರೇಷ್ಮಿ."

ಗುರುಸಿದ್ದ ಅವಳತ್ತ ತಿರುಗಿದ. "ವಿಮಾ ಏನ ಮಾಡೂದು ಅಂದ್ರಿ?"

"ಇಳಸೂದು."

"ಇಳಸೂದು ಅಂತಾರೇನ್ರಿ ಅದಕ್ಕ?"

"ಎಲ್ಲಾರೂ ಹಂಗ ಅಂತಾರ. ಮರಾಠಿ ಮಂದಿನೂ ಉತರವಣೆ, ಅಂದ್ರ ಇಳಸೂದ ಅಂತಾರಲ್ರಿ."

ಅವನು ಆ ಮಾತನ್ನು ಎರಡು ಸಲ ತನ್ನಷ್ಟಕ್ಕೇ ಅಂದು ನೋಡಿದ. ಮೀಸೆಯೊಳಗೆ ನಗೆ ಬಂತು. "ಏರಿದಾಂವನ್ನ ಇಳಸೂದು! ಛಲೋ ಐತಿ ಬಿಡ್ರಿ. ನಿನ್ನೀನ ಹಿಂಗ ಅಂದಿದ್ರ ನಿನ್ನೀನ ಏರತಿದ್ದೆ."

ವಿಮಾ ಕಚೇರಿಯ ಕೆಲಸ ಮುಗಿದ ಮೇಲೆ ಗುರುಸಿದ್ದ ಬಂದ. ಜೊತೆಗೆ ಮಾಯಕ್ಕನೂ ಬಂದಳು. ಗಂಡ ಮಾಡಿನ ಮೇಲೆ ಕೆಲಸ ಮಾಡುವುದನ್ನು ಅವಳು ಎಂದೂ ಕಣ್ಣಾರೆ ನೋಡಿರಲಿಲ್ಲ. ಅಂಗಳದಲ್ಲಿ ಕತ್ತೆತ್ತಿ ನಿಂತೇ ಇದ್ದಳು. ಅವನು ಮಾಡಿನ ನೆತ್ತಿಗೇರಿ, ಎರಡೂ ಕಡೆ ಕಾಲು ಹಾಕಿ ಕೂತು, ಒಡೆದ ಹಂಚುಗಳನ್ನು ತೆಗೆಯತೊಡಗಿದ. ಬಸವಣ್ಣೆವ್ವ ಅವಳ ಕೈ ಹಿಡಿದು ಒಳಗೆ ಕರೆದೊಯ್ದು ಚಹಾ ಕೊಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ದನಿ ಬಂತು. "ಅಕ್ಕಾರ, ನಮ್ಮಾಕಿ ಎಲ್ಲಿ ಹೋದ್ಲರಿ?"

ಬಸವಣ್ಣೆವ್ವ ಮಗ್ಗದ ಬದಿಗೆ ನೋಡಿದಳು. ಮಾಯಕ್ಕ ಗೋಡೆಗೆ ಒರಗಿ ಬಾಯಿ ತುಸು ತೆರೆದು ಮಲಗಿಬಿಟ್ಟಿದ್ದಳು.

"ನಿದ್ದಿ ಹತ್ತೈತ್ರಿ ಆಕೀಗೆ," ಎಂದಳು ಹಂಚು ತೆಗೆದ ಸಂದಿಯತ್ತ ಮುಖವೆತ್ತಿ, ಮೆಲ್ಲಗೆ. "ಸಪ್ಪಳ ಮಾಡಬ್ಯಾಡ್ರಿ."

ಗುರುಸಿದ್ದ ಕೈಯಲ್ಲಿದ್ದ ಹಂಚನ್ನು ಸದ್ದಾಗದಂತೆ ಕೂರಿಸಿದ. ಆಮೇಲೆ ಇನ್ನೊಂದನ್ನು.