ತಟ್ಟಿ ನೋಡುವವರ ಊರಿಗೆ ಬಂದ ಗಾಜು

ನಾನು ಒಂದು ಕಾರಿನ ಮುಂದಿನ ಗಾಜು. ಇಷ್ಟು ಹೇಳಿದ ಕೂಡಲೇ ನಿಮ್ಮ ಮನಸ್ಸು ನನ್ನನ್ನು ದಾಟಿಕೊಂಡು ಕಾರಿನ ಕಡೆಗೆ ಹೋಯಿತು, ನನಗೆ ಗೊತ್ತು. ನನ್ನ ಹಣೆಬರಹವೇ ಅಷ್ಟು. ಎಲ್ಲರೂ ನನ್ನ ಮೂಲಕ ನೋಡುತ್ತಾರೆ, ನನ್ನನ್ನು ನೋಡುವವರಿಲ್ಲ. ಚೆನ್ನಾಗಿರುವ ತನಕ ನಾನಿದ್ದೇನೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ; ಒಂದು ಗೀರು ಬಿದ್ದರೆ ಮಾತ್ರ ಊರಿಗೆಲ್ಲ ಕಾಣಿಸುತ್ತೇನೆ. ಇದರಿಂದ ನನಗೇನೂ ಬೇಸರವಿಲ್ಲ. ಸ್ವಲ್ಪ ಇದೆ, ಇರಲಿ.

ಸಮುದ್ರದ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಮರಳನ್ನು ಕರಗಿಸಿ ಎರಡು ತೆಳ್ಳನೆಯ ಹಾಳೆ ಮಾಡಿದರು, ಕುಲುಮೆಯಲ್ಲಿ ಕಾಯಿಸಿ ಬಾಗಿಸಿದರು, ನಡುವೆ ಕಣ್ಣಿಗೆ ಕಾಣದ ಜಿಗುಟು ಪೊರೆಯೊಂದನ್ನು ಇಟ್ಟು ಒತ್ತಿ ಅಂಟಿಸಿದರು. ಹಾಗಾಗಿ ನಾನು ಒಬ್ಬನಂತೆ ಕಂಡರೂ ಒಳಗೆ ಮೂವರು. ನನ್ನ ಜೊತೆಯಲ್ಲೇ ಹುಟ್ಟಿದ ಒಬ್ಬನನ್ನು ಪರೀಕ್ಷೆಗೆಂದು ಕರೆದೊಯ್ದು ಅವನ ಮೇಲೆ ಕಬ್ಬಿಣದ ಗುಂಡು ಬೀಳಿಸಿದರು. ಅವನ ಮೈಯೆಲ್ಲ ಬಿರುಕುಬಿಟ್ಟಿತು. ಅವನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಪರೀಕ್ಷೆ ಮಾಡುತ್ತಿದ್ದ ಹೆಂಗಸು ಅವನ ಮೈ ಸವರಿ, ಹೊಸದಾಗಿ ಕೆಲಸಕ್ಕೆ ಸೇರಿದ್ದವಳಿಗೆ ಹೇಳಿದಳು: "ಇವನು ಪಾಸು. ಒಡೆಯೋದು ಒಂದಲ್ಲ ಒಂದು ದಿನ ಇದ್ದೇ ಇದೆ. ಒಡೆದ ಮೇಲೆ ಚೂರನ್ನ ಕೈಬಿಡಬಾರದು, ಅಷ್ಟೇ."

ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಒಡೆದವನು ಪಾಸಾಗುವುದೆಂದರೇನು?

ಮುಂದೆ ನನ್ನನ್ನು ಒಂದು ಚಿಕ್ಕ ಕೆಂಪು ಕಾರಿಗೆ ಕೂರಿಸಿ, ಲಾರಿಯ ಮೇಲೆ ತುಮಕೂರಿನ ಶೋರೂಮಿಗೆ ಕಳಿಸಿದರು. ಅಲ್ಲಿಗೆ ಒಂದು ದಿನ ತಿಪಟೂರಿನ ಪಾತ್ರೆ ಅಂಗಡಿಯ ಪಂಚಾಕ್ಷರಯ್ಯನವರು ಹೆಂಡತಿಯೊಂದಿಗೆ ಬಂದರು. ಬಂದವರೇ ಬಾನೆಟ್ಟಿನ ಮೇಲೆ ಬೆರಳಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರು. ಬಾಗಿಲು ತಟ್ಟಿದರು. ಕಿವಿ ಹತ್ತಿರ ತಂದು ನನ್ನನ್ನೂ ತಟ್ಟಿದರು. ಶೋರೂಮಿನ ಹುಡುಗಿ ಬ್ರೇಕು, ಏರ್‌ಬ್ಯಾಗು, ಮೈಲೇಜು ಎಂದು ವಿವರಿಸುತ್ತಿದ್ದರೆ ಇವರ ಗಮನವೆಲ್ಲ ಸದ್ದಿನ ಮೇಲೆ. ಕೊನೆಗೆ, "ಪರವಾಗಿಲ್ಲ, ನಾದ ಐತೆ" ಎಂದು ತಲೆಯಾಡಿಸಿದರು.

ತಿಪಟೂರಿಗೆ ಬಂದ ಮೇಲೆ ತಿಳಿಯಿತು, ಅದು ಅವರೊಬ್ಬರ ಚಾಳಿಯಲ್ಲ. ಅದು ತೆಂಗಿನಕಾಯಿಯ ಊರು. ಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುತ್ತಾರೆ. ಕೊಬ್ಬರಿ ಒಣಗಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಪಾತ್ರೆ ಕೊಳ್ಳುವಾಗಲೂ ತಟ್ಟುತ್ತಾರೆ, ಹಲಸಿನ ಹಣ್ಣನ್ನೂ ತಟ್ಟುತ್ತಾರೆ. ಹುಟ್ಟಿದಂದಿನಿಂದ ಹಾಗೆ ಬೆಳೆದವರ ಕೈಗೆ ಕಾರು ಸಿಕ್ಕರೆ ಬಿಡುತ್ತಾರೆಯೇ?

ದಿನಾ ಸಂಜೆ ಮಾರ್ಕೆಟ್ ರಸ್ತೆಯ ಹೋಟೆಲಿನ ಮುಂದೆ ಕಾರಿನ ಯಜಮಾನರ ಸಭೆ ಸೇರುತ್ತಿತ್ತು. ಒಬ್ಬೊಬ್ಬರೂ ತಮ್ಮ ಗಾಡಿಯನ್ನು ಹೆಗಲಿಗೆ ಹೆಗಲು ಕೊಟ್ಟಂತೆ ನಿಲ್ಲಿಸಿ, ಕೈಯಲ್ಲಿ ಕಾಫಿ ಲೋಟ ಹಿಡಿದು ವಾದಕ್ಕೆ ಇಳಿಯುತ್ತಿದ್ದರು. ಯಾರ ಬಾಗಿಲು ಧಡ್ ಎನ್ನುತ್ತದೆ, ಯಾರದ್ದು ಟಪ್ ಎನ್ನುತ್ತದೆ. ಯಾರ ತಗಡು ದಪ್ಪ. ಯಾರ ಗಾಜು ಕಲ್ಲೇಟಿಗೆ ತಡೆಯುತ್ತದೆ. ಎಲ್ಲರ ಬಾಯಿ ಮುಚ್ಚಿಸುತ್ತಿದ್ದವರು ಕೊಬ್ಬರಿ ವ್ಯಾಪಾರಿ ರುದ್ರಮುನಿ. ಪಂಚಾಕ್ಷರಯ್ಯನವರ ಬಾಲ್ಯದ ಗೆಳೆಯ. ಅವರದೊಂದು ಹಳೆಯ ಜೀಪಿತ್ತು. ಅದರ ಮೈಗೆ ಗುದ್ದಿದರೆ ಗುದ್ದಿದವರ ಕೈಯೇ ಊದಿಕೊಳ್ಳುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದರು.

"ಇದೂ ಒಂದು ಗಾಜೇನಯ್ಯಾ ಪಂಚಾಕ್ಷರಿ?" ಎಂದು ನನ್ನನ್ನು ತಟ್ಟಿ ನಗುತ್ತಿದ್ದರು. "ಹಪ್ಪಳ! ಎಣ್ಣೇಲಿ ಬಿಟ್ರೆ ಉಬ್ಬುತ್ತೆ. ನನ್ ಜೀಪಿನ ಗಾಜು ನೋಡು. ಆ ಕಾಲದ ಮಾಲು. ಅದಕ್ಕೆ ಸಾವಿಲ್ಲ."

"ನಿನ್ ಜೀಪು ಗಾಡಿ ಅಲ್ಲ ಕಣಯ್ಯಾ, ಬಂಡೆ. ಬಂಡೆಗೆ ಚಕ್ರ ಹಾಕವ್ರೆ," ಎಂದು ಪಂಚಾಕ್ಷರಯ್ಯ ತಿರುಗಿಸಿ ಕೊಡುತ್ತಿದ್ದರು. ಬಾಯಲ್ಲಿ ಹಾಗೆಂದರೂ ಮನೆಗೆ ಹೋಗುವ ದಾರಿಯಲ್ಲಿ ಅವರ ಮುಖ ಸಪ್ಪಗಾಗಿರುತ್ತಿತ್ತು. ಅದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಯಾರಿದ್ದಾರೆ?

ರುದ್ರಮುನಿಯವರ ಬಲಗಣ್ಣಿನ ಹುಬ್ಬನ್ನು ಸೀಳಿಕೊಂಡು ಒಂದು ಹಳೆಯ ಗಾಯದ ಗುರುತಿತ್ತು. ಯಾರಾದರೂ ಕೇಳಿದರೆ, ಚಿಕ್ಕಂದಿನಲ್ಲಿ ತೋಟದಲ್ಲಿ ತೆಂಗಿನ ಮಟ್ಟೆ ಬಿದ್ದದ್ದು ಎನ್ನುತ್ತಿದ್ದರು. ತೆಂಗಿನ ಊರಿನಲ್ಲಿ ಅದನ್ನು ಯಾರು ತಾನೇ ನಂಬುವುದಿಲ್ಲ?

ಇಷ್ಟು ಹೊತ್ತು ಗಂಡಸರ ಮಾತಾಯಿತು. ನನ್ನ ಕಥೆಯ ಒಡತಿ ಬೇರೆಯೇ ಇದ್ದಾರೆ. ಪಂಚಾಕ್ಷರಯ್ಯನವರ ಹೆಂಡತಿ ಸರ್ವಮಂಗಳಮ್ಮ ಊರಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಗೊಲ್ಲರಕೆರೆಯ ಶಾಲೆಯಲ್ಲಿ ಟೀಚರು. ಆ ಹಳ್ಳಿಗಿದ್ದ ಬೆಳಗಿನ ಬಸ್ಸು ನಿಂತುಹೋಗಿತ್ತು. ಮುಂದಿನದು ತಲುಪುವಾಗ ಹನ್ನೊಂದು ಗಂಟೆ. ಅಲ್ಲಿಯ ತನಕ ಮೂವತ್ತೊಂದು ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತಿದ್ದರು. ಇನ್ನೊಬ್ಬ ಮೇಷ್ಟ್ರ ಜಾಗಕ್ಕೆ ಎರಡು ವರ್ಷದಿಂದ ಯಾರೂ ಬಂದಿರಲಿಲ್ಲ. ಒಂದೋ ತಾನು ಕಾರು ಕಲಿಯಬೇಕು, ಇಲ್ಲವೇ ಊರಿಗೆ ವರ್ಗ ಮಾಡಿಸಿಕೊಳ್ಳಬೇಕು. ಅವರು ವರ್ಗವಾಗಿ ಬಂದುಬಿಟ್ಟರೆ ಆ ಶಾಲೆಯ ಬಾಗಿಲು ತೆರೆಯುವವರೇ ಇಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಅವರು ಕಾರು ಕಲಿತರು.

ಪಂಚಾಕ್ಷರಯ್ಯ ಕೀಲಿ ಕೊಡುವಾಗ ಕರಾರು ಹಾಕಿದರು. "ನೋಡು ಮಂಗಳಾ, ಗಾಡಿಗೆ ಒಂದು ಗೀರು ಬಿತ್ತು ಅಂದ್ರೆ ಮಾರನೇ ದಿನಾನೇ ಬಸ್ಸು. ಆಮೇಲೆ ನನ್ನ ಅನ್ನಂಗಿಲ್ಲ."

"ಆಯ್ತು ಕಣ್ರೀ," ಎಂದರು ಸರ್ವಮಂಗಳಮ್ಮ. ವರ್ಗಾವಣೆಯ ಅರ್ಜಿಯನ್ನು ತುಂಬಿ, ಸಹಿ ಮಾತ್ರ ಮಾಡದೆ, ಡ್ಯಾಶ್‌ಬೋರ್ಡಿನ ಡಬ್ಬದಲ್ಲಿಟ್ಟರು. ಗೀರು ಬಿದ್ದ ದಿನ ಅದಕ್ಕೆ ಸಹಿ ಹಾಕುವುದು ಎಂದು ತಮಗೆ ತಾವೇ ಹೇಳಿಕೊಂಡದ್ದನ್ನು ನಾನು ಕೇಳಿಸಿಕೊಂಡೆ.

ಆ ಹತ್ತು ತಿಂಗಳು ನನ್ನ ಬಾಳಿನ ಹಬ್ಬ. ಅವರು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ನನ್ನ ಮುಖ ಒರೆಸುತ್ತಿದ್ದರು. ಮೊದಮೊದಲು ಗೇರ್ ಬದಲಿಸುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು, ಎಮ್ಮೆ ಅಡ್ಡ ಬಂದರೆ ಹಾರ್ನ್ ಮರೆತು "ಏಯ್ ಏಯ್, ಸರ್ಕೊಳ್ಳೇ" ಎಂದು ಕೂಗುತ್ತಿದ್ದರು. ಆಮೇಲಾಮೇಲೆ ಮಗ್ಗಿ ಹೇಳಿಕೊಂಡೇ ಓಡಿಸುವಷ್ಟು ಪಳಗಿದರು. ಒಂಬತ್ತೂ ಇಪ್ಪತ್ತಕ್ಕೆ ಕೆಂಪು ಕಾರು ಕೆರೆ ಏರಿಯ ಮೇಲೆ ಕಂಡರೆ ಸಾಕು, ಮಕ್ಕಳು ಓಡಿಬಂದು ಗೇಟು ತೆಗೆಯುತ್ತಿದ್ದರು.

ಆಷಾಢ ಬಂತು. ಆ ಸೀಮೆಯ ಆಷಾಢದ ಗಾಳಿ ಎಂದರೆ ಹೆಂಚು ಹಾರಿಸುವ ಗಾಳಿ. ಅಂದು ಶುಕ್ರವಾರ. ಮಕ್ಕಳು ಬಯಲಿನ ತುಂಬ ಸುಣ್ಣದ ನೀರಿನಿಂದ ಖೋ ಖೋ ಅಂಕಣ ಗೀಚಿದ್ದರು. ಅದನ್ನು ಅಳಿಸಬಾರದೆಂದು ಸರ್ವಮಂಗಳಮ್ಮ ಕಾರನ್ನು ಮೂಲೆಯ ತೆಂಗಿನ ಮರದ ಕೆಳಗೆ ನಿಲ್ಲಿಸಿದರು. ತಿಪಟೂರಿನ ಮಗುವಿಗೂ ಗೊತ್ತು, ಗಾಳಿಯ ದಿನ ತೆಂಗಿನ ಮರದಡಿ ನಿಲ್ಲಬಾರದೆಂದು. ಅವರಿಗೂ ಗೊತ್ತಿತ್ತು. ಆದರೆ ಆ ಅಂಕಣಕ್ಕಾಗಿ ಮಕ್ಕಳು ಬೆಳಕು ಹರಿದಾಗಿನಿಂದ ಬೆವರು ಸುರಿಸಿದ್ದರು.

ಸಂಜೆ ನಾಲ್ಕೂವರೆ. ಅವರು ಒಳಗೆ ಕೂತು ಬೆಲ್ಟು ಹಾಕಿಕೊಂಡರು. ನಾನು ಮೇಲೆ ನೋಡುತ್ತಿದ್ದೆ. ನಾನು ಯಾವಾಗಲೂ ಮೇಲೆ ನೋಡುತ್ತಲೇ ಇರುತ್ತೇನಲ್ಲ. ಗೊನೆಯಿಂದ ಒಂದು ಕಾಯಿ ಕಳಚಿತು. ಸಿಪ್ಪೆ ಸಮೇತ, ಬಲಿತು ಕಂದಾಗಿದ್ದ ಕಾಯಿ. ಅದು ದೊಡ್ಡದಾಗುತ್ತಾ ದೊಡ್ಡದಾಗುತ್ತಾ ಬಂತು. ನನ್ನ ಹಿಂದೆ ಅವರ ಮುಖವಿತ್ತು. ಓಡಲು ನನಗೆ ಕಾಲಿಲ್ಲ, ಕೂಗಲು ಬಾಯಿಲ್ಲ.

ಧಡ್!

ನಾನು ಒಡೆದೆ. ಅದನ್ನು ಹೇಗೆ ಹೇಳಲಿ? ಒಂದು ಕ್ಷಣದಲ್ಲಿ ಸಾವಿರ ಕಡೆ ಸೀಳಿದೆ. ಬಿದ್ದ ಜಾಗ ಬೋಗುಣಿಯಂತೆ ಒಳಗೆ ತಗ್ಗಿತು. ಮೇಲಿನ ಹಾಳೆ ಹೋಯಿತು, ಕೆಳಗಿನ ಹಾಳೆ ಹೋಯಿತು, ನಡುವಿನ ಪೊರೆ ಮಾತ್ರ ಜಗ್ಗಿತು, ಜಗ್ಗಿತು, ಹರಿಯಲಿಲ್ಲ. ಆಗ ನೆನಪಾಯಿತು ಆ ಹೆಂಗಸಿನ ಮಾತು. ಚೂರುಗಳನ್ನೆಲ್ಲ ಬಿಗಿಯಾಗಿ ಹಿಡಿದುಕೊಂಡೆ. ಕಾಯಿ ಉರುಳಿ ಬಾನೆಟ್ಟಿನ ಮೇಲೆ ಬಿದ್ದು ನೆಲಕ್ಕೆ ಹೋಯಿತು. ಸಕ್ಕರೆ ಹರಳಿನಂಥ ನಾಲ್ಕು ಪುಡಿ ಡ್ಯಾಶ್‌ಬೋರ್ಡಿನ ಮೇಲೆ ಉದುರಿತು, ಅಷ್ಟೇ. ಸರ್ವಮಂಗಳಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ಬಿಟ್ಟರು. ಕೆನ್ನೆ, ಹಣೆ ಮುಟ್ಟಿ ನೋಡಿಕೊಂಡರು. ಆಮೇಲೆ ಅತ್ತರು.

ಫೋನು ಹೋದ ಅರ್ಧ ಗಂಟೆಗೆ ಪಂಚಾಕ್ಷರಯ್ಯ ರುದ್ರಮುನಿಯ ಜೀಪಿನಲ್ಲಿ ಬಂದರು. ಹೆಂಡತಿ ಜಗಲಿಯ ಮೇಲೆ ಎದ್ದು ನಿಂತಿದ್ದು ಕಾಣಿಸಿದ್ದೇ, ಆಕೆ ಚೆನ್ನಾಗಿದ್ದಾಳೆಂದು ಸಮಾಧಾನವಾಗಿ, ನೆಟ್ಟಗೆ ನನ್ನ ಬಳಿಗೆ ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅವರ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಹೇಳಿರ್ಲಿಲ್ವೇನಯ್ಯಾ? ಹಪ್ಪಳ ಅಂತ ಬಡ್ಕೊಂಡೆ," ಎಂದರು ರುದ್ರಮುನಿ. "ಒಂದು ಕಾಯಿ ತಡೀದೇ ಇರೋದು ಗಾಡೀನಾ?"

"ಹತ್ತು ತಿಂಗ್ಳಿಗೇ ಹಿಂಗಾಯ್ತಲ್ಲಯ್ಯಾ. ತಗಡೂ ಇಂಥದ್ದೇ ಇರುತ್ತೆ. ಇದನ್ನ ಯಾರಿಗಾದ್ರೂ ದಾಟಿಸಿಬಿಡ್ತೀನಿ," ಎಂದರು ಪಂಚಾಕ್ಷರಯ್ಯ. ಹೆಂಡತಿಯ ಕಡೆ ತಿರುಗಿ, "ನಾಳೆಯಿಂದ ಬಸ್ಸು ಮಂಗಳಾ. ಕರಾರು ಕರಾರೇ," ಎಂದರು.

ಅಲ್ಲೇ ಗೆಳೆಯರಿಬ್ಬರಿಗೂ ವಾದ ಹತ್ತಿಕೊಂಡಿತು. ಯಾವ ಗಾಡಿಯ ಗಾಜು ಎಷ್ಟು ದಪ್ಪ, ಯಾವುದನ್ನು ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಹೋಟೆಲಿನ ಸಭೆ ಶಾಲೆಯ ಬಯಲಿಗೆ ಬಂದಂತಾಯಿತು. ನನಗೆ ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಸರ್ವಮಂಗಳಮ್ಮ ಕಾರಿನ ಬಳಿಗೆ ಬಂದರು. ಡಬ್ಬ ತೆರೆದು ಅರ್ಜಿ ತೆಗೆದರು. ಪರ್ಸಿನಿಂದ ಪೆನ್ನು ತೆಗೆದರು. ಅರ್ಜಿಯನ್ನು ಬಾನೆಟ್ಟಿನ ಮೇಲೆ ಇಟ್ಟು ಬಗ್ಗಿದವರು ನನ್ನನ್ನು ನೋಡಿದರು. ನನ್ನ ಮೂಲಕ ಅಲ್ಲ, ನನ್ನನ್ನು. ತಗ್ಗಿದ ಜಾಗವನ್ನು ಬೆರಳಿನಿಂದ ಮುಟ್ಟಿದರು. ಪೆನ್ನಿನ ಮುಚ್ಚಳ ಹಾಕಿದರು.

"ಏನ್ರೀ, ಬನ್ನಿ ಇಲ್ಲಿ. ಒಳಗೆ ಕೂತ್ಕೊಳಿ."

"ಯಾಕೆ? ಸ್ಟಾರ್ಟ್ ಆಗ್ತಿಲ್ವಾ?"

"ಕೂತ್ಕೊಳಿ ಅಂದೆ."

ಮೂವತ್ತೊಂದು ಮಕ್ಕಳನ್ನು ಕೂರಿಸುವ ದನಿ ಅದು. ಪಂಚಾಕ್ಷರಯ್ಯ ಕೂತರು. ಸರ್ವಮಂಗಳಮ್ಮ ಹೊರಗಿನಿಂದ ಬಾಗಿಲು ಹಾಕಿದರು.

ಒಳಗಿನಿಂದ ಪಂಚಾಕ್ಷರಯ್ಯನವರಿಗೆ ಕಾಣಿಸಿದ್ದು ಬಿಳಿಯ ಬಲೆ. ಅದರ ನಡುವೆ, ಅವರ ಮೂಗಿನಿಂದ ಬರೀ ಒಂದೂವರೆ ಗೇಣು ದೂರದಲ್ಲಿ, ಒಳಗೆ ಉಬ್ಬಿದ ಕಾಯಿಯ ಅಚ್ಚು. ನೆಟ್ಟಗೆ ಮುಖಕ್ಕೆ. ಅಭ್ಯಾಸಬಲದಿಂದ ಅವರ ಬೆರಳಗೆಣ್ಣು ತಟ್ಟಲು ಮೇಲೆದ್ದಿತು. ಗಾಳಿಯಲ್ಲೇ ನಿಂತಿತು. ಬೆರಳುಗಳು ಬಿಚ್ಚಿಕೊಂಡವು. ಅಂಗೈಯನ್ನು ಮೆಲ್ಲನೆ ನನ್ನ ಮೇಲೆ ಇಟ್ಟರು.

ಇಳಿದು ಬಂದರು. ಹೆಂಡತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಕಣ್ಣು, ಕೆನ್ನೆ, ಹಣೆ ಎಲ್ಲ ನೋಡಿದರು. ಗೆಳೆಯ ಪಕ್ಕದಲ್ಲಿದ್ದಾನೆ, ಮಕ್ಕಳು ನೋಡುತ್ತಿದ್ದಾರೆ ಎಂಬುದೂ ಅವರಿಗೆ ಮರೆತುಹೋಗಿತ್ತು.

"ಏನೂ ಆಗ್ಲಿಲ್ವೇನೇ ನಿಂಗೆ?"

"ಏನೂ ಆಗ್ಲಿಲ್ಲ ಕಣ್ರೀ. ಅದನ್ನೇ ತೋರಿಸ್ದೆ." ಆಮೇಲೆ ಸರ್ವಮಂಗಳಮ್ಮ ರುದ್ರಮುನಿಯವರ ಕಡೆ ತಿರುಗಿದರು. "ರುದ್ರಮುನಿಯಣ್ಣ, ನೀವೂ ಕೂತು ನೋಡಿ."

ರುದ್ರಮುನಿ ನಗುತ್ತಲೇ ಕೂತರು. ಒಳಗೆ ಹೋದ ನಗು ಹೊರಗೆ ಬರಲಿಲ್ಲ. ಸೀಟಿನಲ್ಲೇ ಕೂತು, ಬಲಗೈಯಿಂದ ಹುಬ್ಬಿನ ಗಾಯ ಸವರಿಕೊಂಡರು.

"ಅಕ್ಕಾ," ಎಂದರು, "ಇದು ಮಟ್ಟೆ ಬಿದ್ದಿದ್ದಲ್ಲ. ಜೀಪಿನ ಗಾಜು. ಇಪ್ಪತ್ತೆರಡು ವರ್ಷ ಆಯ್ತು. ಲಾರಿ ಟೈರಿಂದ ಒಂದು ಕಲ್ಲು ಹಾರ್ತು ನೋಡಿ, ಇಡೀ ಗಾಜು ಪುಡಿಪುಡಿಯಾಗಿ ಮುಖಕ್ಕೇ ಸುರೀತು. ಡಾಕ್ಟ್ರು ಒಂದು ಕೂದಲೆಳೆ ಅಂದ್ರು, ಕಣ್ಣು ಉಳೀತು."

"ಮತ್ತೆ ಆ ಕಾಲದ ಮಾಲು ಅಂತಿದ್ಯಲ್ಲೋ!" ಎಂದರು ಪಂಚಾಕ್ಷರಯ್ಯ.

"ಹೊಸಾದು ಹಾಕ್ಸಿ ಸುಮ್ನಾದೆ ಕಣಯ್ಯಾ. ನಾಲ್ಕು ಜನದ ಮುಂದೆ ಗಾಡೀನ ಹೆಂಗಯ್ಯಾ ಬಿಟ್ಕೊಡೋದು?"

ಮೊದಲು ನಕ್ಕವರು ಸರ್ವಮಂಗಳಮ್ಮ. ಆಮೇಲೆ ಆ ಇಬ್ಬರೂ ನಕ್ಕರು. ಅರ್ಜಿ ಹಾಳೆಯನ್ನು ಗಾಳಿ ಎತ್ತಿಕೊಂಡು ಹೋಗಿ ಖೋ ಖೋ ಅಂಕಣದಲ್ಲಿ ಬೀಳಿಸಿತು. ಅದನ್ನು ಹೆಕ್ಕಿದವರು ಪಂಚಾಕ್ಷರಯ್ಯ. ಓದಿದರು, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಅದು ಮತ್ತೆ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಕಾರು ಉಳಿಯಿತು. ಕೀಲಿಯೂ ಸರ್ವಮಂಗಳಮ್ಮನವರ ಬಳಿಯೇ ಉಳಿಯಿತು. ನಾನು ಮಾತ್ರ ಇಳಿಯಬೇಕಾಯಿತು. ಒಡೆದ ಗಾಜಿನಿಂದ ದಾರಿ ಕಾಣಿಸುವುದಿಲ್ಲ, ಅದು ನ್ಯಾಯವೇ. ಗಾಜು ಬದಲಿಸುವವನು ನನ್ನನ್ನು ಗುಜರಿಗೆ ಎಸೆಯಲು ಎತ್ತಿದಾಗ ಸರ್ವಮಂಗಳಮ್ಮ ಬೇಡವೆಂದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಜೀಪಿನಲ್ಲಿ ಶಾಲೆಗೆ ಕಳಿಸಿದರು. ಹೌದು, ಅದೇ ಜೀಪು. ದಾರಿಯುದ್ದಕ್ಕೂ ರುದ್ರಮುನಿ ಹಳ್ಳ ಬಂದಲ್ಲೆಲ್ಲ ನಿಧಾನ ಮಾಡಿದರು.

ಈಗ ನಾನು ಶಾಲೆಯ ಹಿಂದೆ, ಇಟ್ಟಿಗೆ ಕಟ್ಟಿದ ಒಂದು ಪಾತಿಯ ಮೇಲೆ ಮಲಗಿದ್ದೇನೆ. ಅಂಚಿಗೆ ಮರದ ಚೌಕಟ್ಟು ಹೊಡೆಸಿ, ಒಳಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ಬಿಸಿಯೂಟದ ಕೈತೋಟಕ್ಕೆ ಬೇಕಾದ ಟೊಮ್ಯಾಟೊ, ಬದನೆ ಸಸಿಗಳು ನನ್ನ ಕೆಳಗೆ ಮೊಳೆಯುತ್ತವೆ. ಬಿಸಿಲು ನನ್ನ ಬಿರುಕುಗಳಲ್ಲಿ ಚೂರುಚೂರಾಗಿ ಅವುಗಳ ಮೇಲೆ ಬೀಳುತ್ತದೆ. ಊರ ಕೋಳಿಗಳು ಬಂದು ಸಸಿ ಎಂದುಕೊಂಡು ನನ್ನನ್ನು ಕುಕ್ಕುತ್ತವೆ. ಈ ಸೀಮೆಯಲ್ಲಿ ಕೋಳಿಗೂ ತಟ್ಟಿ ನೋಡುವ ಚಾಳಿ!

ಹೋಟೆಲಿನ ಮುಂದಿನ ವಾದ ನಿಂತಿಲ್ಲವಂತೆ. ನಿಲ್ಲುವುದೂ ಬೇಡ, ಪಾಪ, ಅವರ ಕಾಫಿ ಇಳಿಯಬೇಕಲ್ಲ. ಆದರೆ ಯಾರಾದರೂ ಹೊಸ ಕಾರು ತಂದು, ಬಾನೆಟ್ಟು ತಟ್ಟಲು ಕೈ ಎತ್ತಿದರೆ ಪಂಚಾಕ್ಷರಯ್ಯ ಬಾಗಿಲು ತೆಗೆದು, "ಒಳಗೆ ಕೂತು ಮಾತಾಡಯ್ಯಾ. ಕೂರೋದು ನಿನ್ ಹೆಂಡ್ತಿ ಮಕ್ಳು" ಎನ್ನುತ್ತಾರಂತೆ. ಶಾಲೆಗೆ ಬಂದಾಗ ರುದ್ರಮುನಿಯೇ ಹೇಳಿದ್ದು.

ಒಂಬತ್ತೂ ಇಪ್ಪತ್ತಕ್ಕೆ ಕೆಂಪು ಕಾರು ಬರುತ್ತದೆ. ಮರಗಳಿಂದ ದೂರ, ಬಟ್ಟಬಯಲಿನ ಬಿಸಿಲಿನಲ್ಲಿ ನಿಲ್ಲುತ್ತದೆ. ಅದರ ಮುಂದೆ ಈಗ ನನ್ನ ತಮ್ಮನಿದ್ದಾನೆ, ಒಂದು ಗೀರಿಲ್ಲದವನು. ಸರ್ವಮಂಗಳಮ್ಮ ಇಳಿದು, ಶಾಲೆಯ ಬಾಗಿಲು ತೆರೆಯುವ ಮೊದಲು ಇತ್ತ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ ಸಸಿಗಳಿಗೆ ನೀರು ಹಾಕುತ್ತಾರೆ. ಬಗ್ಗಿದಾಗ ಅವರ ಮುಖ ನನಗೆ ಮೊದಲಿನಷ್ಟೇ ಹತ್ತಿರ ಕಾಣುತ್ತದೆ. ನಕ್ಕಾಗ ಕಣ್ಣಂಚಿನಲ್ಲಿ ಮೂಡುವ ಎರಡು ಗೆರೆ ಬಿಟ್ಟರೆ ಆ ಮುಖದ ಮೇಲೆ ಬೇರೆ ಗೆರೆಯಿಲ್ಲ. ಮಿಕ್ಕ ಗೆರೆಗಳನ್ನೆಲ್ಲ ನಾನು ನನ್ನ ಮೈಮೇಲೆ ಇಟ್ಟುಕೊಂಡಿದ್ದೇನೆ.